ಕಾಳಗ ಕಾಣದ ತಾಳಿಕೋಟೆ

ಶಾಲೆಯಲ್ಲಿ ಇತಿಹಾಸವನ್ನೋದಿದ ಕನ್ನಡಿಗರಲ್ಲಿ ತಾಳಿಕೋಟೆಯ ಹೆಸರನ್ನು ಕೇಳದವರಿಲ್ಲ. ಆ ಊರನ್ನು ಕಣ್ಣಾರೆ ಕಂಡವರು ವಿರಳ. ಮುದ್ದೇಬಿಹಾಳದಿಂದ ಈಶಾನ್ಯಕ್ಕೆ ಹೊರಟ ಬಸ್ಸು ಎರೆಭೂಮಿಯ ವಿಸ್ತಾರವನ್ನು ಹಾದು ಡೋಣಿ ನದಿಯ ತೀರದ ಈ ಪೇಟೆಗೆ ಬಂದು ನಿಂತಾಗ, ವಿಜಯನಗರದ ಪತನವನ್ನು ನೆನೆಯುತ್ತ ಇಳಿದ ಪ್ರವಾಸಿಗನ ಕಣ್ಣು ರಣರಂಗವನ್ನು ಅರಸುತ್ತದೆ. ಆದರೆ ರಣರಂಗ ಇಲ್ಲಿಲ್ಲ.

1564ರ ಡಿಸೆಂಬರಿನಲ್ಲಿ ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರ ದಂಡುಗಳು ಬೀಡುಬಿಟ್ಟುದು ಇಲ್ಲಿ, ನಿಜ. 1565ರ ಜನವರಿ 23ರಂದು ಅಳಿಯ ರಾಮರಾಯನು ಮಡಿದ ಕಾಳಗ ನಡೆದುದು ಮಾತ್ರ ದೂರದ ಕೃಷ್ಣಾತೀರದ ಸೀಮೆಯಲ್ಲಿ. ರಕ್ಕಸಗಿ, ತಂಗಡಗಿ ಎಂಬೆರಡು ಗ್ರಾಮಗಳ ಹೆಸರು ಕೂಡಿ ‘ರಕ್ಕಸತಂಗಡಿ’ಯಾಯಿತು, ಬನ್ನಿಹಟ್ಟಿಯ ಹೆಸರು ಹೇಳುವ ವಿದ್ವಾಂಸರೂ ಉಂಟು. ಆ ಸೋಲಿನ ಪೆಟ್ಟು ಗೋವೆಯ ಪೋರ್ತುಗೀಜರಿಗೂ ತಟ್ಟಿತು. ವಿಜಯನಗರಕ್ಕೆ ಕುದುರೆ ಮಾರಿ ಗಳಿಸುತ್ತಿದ್ದ ಲಾಭ ಅವರ ಕೈತಪ್ಪಿತು. ಇಷ್ಟೆಲ್ಲಕ್ಕೂ ಹೆಸರು ಕೊಟ್ಟದ್ದು ದಂಡು ತಂಗಿದ್ದ ಒಂದು ಊರು!

ಯುದ್ಧವನ್ನು ಬದಿಗಿರಿಸಿದವನಿಗೆ ಊರು ತಾನಾಗಿ ತೆರೆದುಕೊಳ್ಳುತ್ತದೆ. ಮೊದಲು ಕಾಣಬೇಕಾದುದು ಕಾಲಡಿಯ ಕಲ್ಲು. ಇಲ್ಲಿಯವರು ಅದನ್ನು ಫರಸಿ ಎನ್ನುತ್ತಾರೆ. ಶಹಾಬಾದಿನ ಕಲ್ಲಿಗೆ ಇದು ದಾಯಾದಿ. ಎರಡೂ ಭೀಮಾ ಶಿಲಾಸಮೂಹದ ಸುಣ್ಣಗಲ್ಲುಗಳು. ಪದರ ಪದರವಾಗಿ ಮಲಗಿರುವ ಈ ಶಿಲೆಯನ್ನು ಹಾರೆ, ಉಳಿ, ಸುತ್ತಿಗೆಗಳಿಂದಲೇ ಹಲಗೆಯಂತೆ ಎಬ್ಬಿಸಬಹುದು. ಎಲ್ಲಿ ಉಳಿಯಿಟ್ಟರೆ ಪದರ ಒಡೆಯದೆ ಏಳುತ್ತದೆಂಬುದನ್ನು ಬಲ್ಲ ಕೈಯ ಕಸುಬು ಸಾಮಾನ್ಯವಾದುದಲ್ಲ. ಆ ಕಲ್ಲು ಪಡಸಾಲೆಯ ನೆಲವಾಗಿ, ಕಟ್ಟೆಯ ಹಾಸಾಗಿ ಎಷ್ಟೋ ಮನೆಗಳನ್ನು ಸೇರಿದೆ; ಬೇಸಗೆಯ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿದವನೇ ಅದರ ಬೆಲೆಯನ್ನು ಬಲ್ಲ.

ಆಷಾಢದಲ್ಲಿ ಖಾಸ್ಗತೇಶ್ವರ ಮಠದ ಜಾತ್ರೆ. ಮದುವೆ ಮುಂಜಿಗಳಿಗೆ ಒಲ್ಲದ ಆ ತಿಂಗಳಲ್ಲಿ ಭಜನೆಯ ಸಪ್ತಾಹ ಊರನ್ನು ತುಂಬುತ್ತದೆ.

ಆದರೂ ಈ ಪೇಟೆಯ ಅನ್ನದಾತೆ ಡೋಣಿಯೇ. ಜತ್ತದ ಕಡೆಯಿಂದ ಹರಿದುಬರುವ ಈ ಹೊಳೆಯ ನೀರು ಉಪ್ಪು. ದಡದ ಮಣ್ಣಾದರೋ ಬಂಗಾರ. ಮಳೆ ಕೈಕೊಡದ ವರ್ಷ ಹಿಂಗಾರಿಯ ಬಿಳಿಜೋಳ ಆಳೆತ್ತರ ನಿಲ್ಲುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಈ ಸೀಮೆಯ ಹಿರಿಯರು ಹೇಳಿದ್ದು ಸುಮ್ಮನಲ್ಲ. ಈಗಿನ ಚಿಂತೆ ಬೇರೆ. ಹೂಳು ತುಂಬಿ ಪಾತ್ರ ಮೇಲೆದ್ದಿದೆ. ಜೋರು ಮಳೆಯಾದರೆ ನೀರು ದಂಡೆ ಮೀರಿ ಹೊಲಗಳಿಗೆ ನುಗ್ಗುತ್ತದೆ, ತಗ್ಗು ಸೇತುವೆಗಳು ಮುಳುಗುತ್ತವೆ. ಹೊಳೆಯ ಹೂಳೆತ್ತಿಸಿರೆಂಬ ರೈತರ ಕೂಗು ಇಂದು ನಿನ್ನೆಯದಲ್ಲ. ಸುಲ್ತಾನರ ದಂಡು ಬಂದು ಹೋದ ದಿನಗಳನ್ನು ಎಣಿಸಿಟ್ಟಿರುವ ಪುಸ್ತಕಗಳಲ್ಲಿ, ವರ್ಷವರ್ಷವೂ ಬಂದು ಹೋಗುವ ಈ ಕೆಂಪು ನೀರಿಗೆ ಒಂದು ಸಾಲಿನ ಜಾಗವೂ ಸಿಕ್ಕಿಲ್ಲ.