ಕುಪ್ಪಸದ ಗಂಟು

ಉಡುಪಿನ ವಿಷಯವಾಗಿ ನಮ್ಮ ಜನರು ಆಡುವ ಮಾತಿಗೆ ಕೊನೆಯಿಲ್ಲ. ಸೀರೆಯ ಸೆರಗು, ಧೋತರದ ಅಂಚು, ರುಮಾಲಿನ ಸುತ್ತು ಇವುಗಳ ಮೇಲೆ ಹಾಡುಗಳುಂಟು, ಗಾದೆಗಳುಂಟು, ಮದುವೆಯ ಮನೆಯಲ್ಲಿ ಮುನಿಸುಗಳೂ ಉಂಟು. ಆದರೆ ಮೈಗೆ ಎಲ್ಲಕ್ಕಿಂತ ಹತ್ತಿರವಾದ ಉಡುಪನ್ನು ಕುರಿತು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಹೊರಗಿನ ಬಟ್ಟೆ ಕೆಟ್ಟರೆ ಊರೆಲ್ಲ ಹೇಳುತ್ತದೆ. ಒಳಗಿನ ಬಟ್ಟೆ ಬಿಗಿದರೆ ತೊಟ್ಟವಳೊಬ್ಬಳೇ ಬಲ್ಲಳು, ಅವಳೂ ಹೇಳಲಾರಳು. ಬಾಳಿನ ಬಹುಭಾಗವನ್ನು ಶಾಲೆಯಲ್ಲಿ ಕನ್ನಡವನ್ನೂ ಹೊಲಿಗೆಯನ್ನೂ ಕಲಿಸುತ್ತ ಕಳೆದ ನಮಗೆ ಈ ಮೌನವು ಒಳ್ಳೆಯದೆಂದು ತೋರಿಲ್ಲ. ಆದುದರಿಂದ ಕುಪ್ಪಸವನ್ನೂ ಅದರ ಗಂಟನ್ನೂ ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇವೆ. ವಾಚಕರು ಸಂಕೋಚಪಡತಕ್ಕ ಸಂಗತಿ ಇದರಲ್ಲಿ ಏನೂ ಇಲ್ಲ.

ಶಬ್ದಗಳಿಂದಲೇ ಪ್ರಾರಂಭಿಸೋಣ, ಶಿಕ್ಷಕರಿಗೆ ಅದು ಸಹಜವಾದ ದಾರಿ. ಕುಪ್ಪಸವೆಂಬುದು ಸಂಸ್ಕೃತದ ಕೂರ್ಪಾಸದಿಂದ ಬಂದ ತದ್ಭವ. ನಮ್ಮ ಸೊಲ್ಲಾಪುರದ ಕಡೆಯ ಆಡುಮಾತಿನಲ್ಲಿ ಅದು ಕುಬಸ, ನೆರೆಯ ಮರಾಠಿಗರಿಗೆ ಚೋಳಿ, ದಕ್ಷಿಣದವರಿಗೆ ರವಿಕೆ. ಕಂಚುಕವೆಂಬ ಮತ್ತೊಂದು ಹೆಸರಿಗೆ ಎರಡು ಅರ್ಥಗಳು. ಮೈಗೆ ತೊಡುವ ಅಂಗಿಯೂ ಕಂಚುಕವೇ, ಹಾವು ಕಳಚುವ ಪೊರೆಯೂ ಕಂಚುಕವೇ. ಹಾವಿನ ಮೈ ಬೆಳೆಯುತ್ತದೆ, ಪೊರೆ ಬೆಳೆಯದು. ಬಿಗಿಯಾದೊಡನೆ ಹಾವು ಅದನ್ನು ಬೇಲಿಗೆ ಬಿಟ್ಟು ಮುಂದೆ ಸಾಗುತ್ತದೆ. ಮನುಷ್ಯರಲ್ಲಿ ಈ ವಿವೇಕ ಸ್ವಲ್ಪ ಕಡಿಮೆ. ಇಂಗ್ಲಿಷಿನ ‘ಬಾಡಿಸ್’ ಎಂಬ ಶಬ್ದವು ಮೈ ಎಂಬರ್ಥದ ‘ಬಾಡಿ’ಯ ಬಹುವಚನದಿಂದ ಹುಟ್ಟಿತು. ‘ಕಾರ್ಸೆಟ್’ ಎಂದರೆ ಹಳೆಯ ಫ್ರೆಂಚಿನಲ್ಲಿ ಕಿರಿದಾದ ಮೈ. ಹೀಗೆ ಉಡುಪಿಗೆ ಮೈಯ ಹೆಸರನ್ನೇ ಇಟ್ಟ ಮೇಲೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಉಡುಪು ಮೈಗೆ ಹೊಂದಬೇಕೋ, ಮೈ ಉಡುಪಿಗೆ ಹೊಂದಬೇಕೋ?

ನಮ್ಮ ಹಿರಿಯರು ಈ ಪ್ರಶ್ನೆಗೆ ಕೊಟ್ಟ ಉತ್ತರವು ಖಣದ ಕುಬಸದಲ್ಲಿದೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಮಗ್ಗಗಳಲ್ಲಿ ನೇಯುವ ಖಣವನ್ನು ಗಡಿಯ ಈಚೆಗೂ ಆಚೆಗೂ ಎಲ್ಲರೂ ಬಲ್ಲರು. ಮೈತುಂಬ ಸಣ್ಣ ಸಣ್ಣ ಹೂಗಳು, ಬದಿಗೆ ಗಟ್ಟಿಯಾದ ಅಂಚು. ಮುತ್ತೈದೆಯರಿಗೆ ಉಡಿ ತುಂಬುವಾಗ ತೆಂಗಿನಕಾಯಿಯೊಡನೆ ಇಡುವುದು ಇದನ್ನೇ. ಈ ಬಟ್ಟೆಯಿಂದ ಹೊಲಿದ ಹಳೆಯ ಪದ್ಧತಿಯ ಕುಬಸಕ್ಕೆ ಗುಂಡಿಯಿಲ್ಲ, ಕೊಂಡಿಯಿಲ್ಲ. ಮುಂಭಾಗದ ಎರಡು ತುದಿಗಳನ್ನು ಎದೆಯ ಕೆಳಗೆ ತಂದು ಗಂಟು ಹಾಕುವುದಷ್ಟೆ. ಭಾರವನ್ನು ಹೊರುವುದು ಕೆಳಗಿನ ಆ ಗಂಟು. ಆದುದರಿಂದ ಹೆಗಲಿಗೆ ಎಳೆತವಿಲ್ಲ. ಬೆಳಿಗ್ಗೆ ಕಟ್ಟಿದ್ದು ಊಟದ ಮೇಲೆ ಬಿಗಿಯೆನಿಸಿದರೆ ಎರಡು ಬೆರಳುಗಳಿಂದ ಸಡಿಲಿಸಬಹುದು. ಹೊಲದಲ್ಲಿ ಬಾಗಿ ಕಳೆ ತೆಗೆಯುವವಳು ಒಂದು ಬಗೆಯಾಗಿ ಕಟ್ಟಿಕೊಂಡಾಳು, ಕೂಸಿಗೆ ಹಾಲೂಡಿಸುವವಳು ಇನ್ನೊಂದು ಬಗೆಯಾಗಿ ಕಟ್ಟಿಕೊಂಡಾಳು.

ಉತ್ತರ ಕರ್ನಾಟಕದಲ್ಲಿಯೂ ನಮ್ಮ ಗಡಿನಾಡಿನಲ್ಲಿಯೂ ಬಸುರಿಗೆ ಮಾಡುವ ಶುಭಕಾರ್ಯಕ್ಕೆ ಕುಬಸವೆಂದೇ ಹೆಸರಿರುವುದನ್ನು ಇಲ್ಲಿ ನೆನೆಯಬೇಕು. ತವರಿನವರು ಹೊಸ ಸೀರೆ ಕುಬಸಗಳನ್ನು ತಂದು ಮಗಳಿಗೆ ಉಡಿಸುತ್ತಾರೆ. ಈ ಕಾರ್ಯಕ್ಕೆ ಧಾರ್ಮಿಕ ಅರ್ಥಗಳು ಏನೇ ಇರಲಿ, ಹೊಲಿಗೆ ಬಲ್ಲವರ ಕಣ್ಣಿಗೆ ಕಾಣುವ ಅರ್ಥ ಸರಳವಾದುದು. ಮಗಳ ಮೈ ಬದಲಾಗುತ್ತಿದೆ. ಹಳೆಯ ಅಳತೆ ಇನ್ನು ಸಾಲದು. ಹೊಸದನ್ನು ಕೊಡುವುದು ತವರಿನ ಕರ್ತವ್ಯ.

ದಾರದಿಂದ ಬಿಗಿಯುವ ಈ ಉಪಾಯವೇ ಯುರೋಪಿನಲ್ಲಿ ಬೇರೊಂದು ಹಾದಿ ಹಿಡಿಯಿತು. ಅಲ್ಲಿಯ ಕಾರ್ಸೆಟ್ಟಿನೊಳಗೆ ಉದ್ದುದ್ದವಾಗಿ ಗಟ್ಟಿ ಕಡ್ಡಿಗಳನ್ನು ಸೇರಿಸಿ ಹೊಲಿಯುತ್ತಿದ್ದರು. ಇವಕ್ಕೆ ತಿಮಿಂಗಿಲದ ಎಲುಬೆಂದು ಹೆಸರು; ವಾಸ್ತವವಾಗಿ ಅದು ಎಲುಬಲ್ಲ, ತಿಮಿಂಗಿಲದ ಬಾಯಲ್ಲಿ ಜರಡಿಯಂತೆ ತೂಗುವ, ಬಾಗಿದರೂ ಮುರಿಯದ ಪಟ್ಟಿ. ಬೆನ್ನಿನ ಮೇಲೆ ಎರಡು ಸಾಲು ರಂಧ್ರಗಳು, ಅವುಗಳಲ್ಲಿ ದಾರ. ರಂಧ್ರಗಳ ಅಂಚನ್ನು ಕೈಯಿಂದ ನೂಲಿನಲ್ಲಿ ಹೊಲಿಯುತ್ತಿದ್ದಾಗ ಬಹಳ ಎಳೆದರೆ ಬಟ್ಟೆಯೇ ಹರಿಯುವ ಭಯವಿತ್ತು. 19ನೆಯ ಶತಮಾನದಲ್ಲಿ ಲೋಹದ ಉಂಗುರಗಳನ್ನು ಬಡಿದು ಕೂಡಿಸತೊಡಗಿದ ಮೇಲೆ ಬಟ್ಟೆ ಸೋಲುವುದು ನಿಂತಿತು. ಸೋಲುವ ಸರದಿ ಮೈಗೆ ಬಂದಿತು. ದುಡಿಯುವ ಹೆಂಗಸರು ಇದನ್ನೇ ಸಡಿಲವಾಗಿ ಕಟ್ಟಿಕೊಂಡು ಕೆಲಸ ಮಾಡಿದ್ದುಂಟು. ಆದರೆ ನಡು ಸಣ್ಣದಾಗಿ ಕಾಣಬೇಕೆಂಬ ಹಂಬಲದಿಂದ ಬಿಗಿದವರಿಗೆ ಕೆಳಗಿನ ಪಕ್ಕೆಲುಬುಗಳು ಅಗಲಲಾರದೆ ತುಂಬು ಉಸಿರೇ ಇಲ್ಲವಾಯಿತು.

ಇದರ ವಿರುದ್ಧ ಧ್ವನಿಯೆತ್ತಿದವರೂ ಅಲ್ಲಿಯ ಸ್ತ್ರೀಯರೇ. 1881ರಲ್ಲಿ ಲಂಡನ್ನಿನಲ್ಲಿ ವಿವೇಕದ ಉಡುಪಿಗಾಗಿ ಒಂದು ಸಂಘ ಸ್ಥಾಪಿತವಾಯಿತು. ಒಳ ಉಡುಪುಗಳೆಲ್ಲ ಸೇರಿ 7 ಪೌಂಡು, ಎಂದರೆ ಸುಮಾರು 3.2 ಕಿಲೋಗ್ರಾಮು, ತೂಕವನ್ನು ಮೀರಬಾರದೆಂಬುದು ಅವರ ಬೇಡಿಕೆಗಳಲ್ಲೊಂದು. ಮೀರಬಾರದ ಮಿತಿಯೇ ಇಷ್ಟಾದರೆ ಅಂದಿನ ಹೊರೆ ಎಷ್ಟಿದ್ದಿತೆಂಬುದನ್ನು ವಾಚಕರೇ ಊಹಿಸಲಿ. ಮುಂದೆ 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಎರಡು ಕರವಸ್ತ್ರಗಳನ್ನೂ ಒಂದಿಷ್ಟು ರಿಬ್ಬನ್ನನ್ನೂ ಜೋಡಿಸಿ ಕಂಡುಹಿಡಿದ ಕಡ್ಡಿಯಿಲ್ಲದ ಎದೆಗಟ್ಟಿಗೆ ಪೇಟೆಂಟ್ ಪಡೆದಳು. ಮೆತ್ತನೆಯ ಬಟ್ಟೆಯೂ ಮೈಯನ್ನು ಆಧರಿಸಬಲ್ಲುದೆಂಬುದು ಖಣದ ಕುಬಸ ತೊಟ್ಟವರಿಗೆ ಹೊಸ ವಿಷಯವಾಗಿರಲಾರದು.

ಹಳೆಯ ಕಾರ್ಸೆಟ್ಟು ನಿತ್ಯದ ಬಳಕೆಯಿಂದ ಹೋಯಿತು. ಅದರ ಮೊಮ್ಮಗಳು ಬಸ್ಟಿಯೇ ಎಂಬ ಫ್ರೆಂಚ್ ಹೆಸರಿನಿಂದ ಇಂದಿನ ಅಂಗಡಿಗಳಲ್ಲಿದ್ದಾಳೆ. ಎದೆಯಿಂದ ನಡುವಿನವರೆಗೆ ಬರುವ ಉಡುಪು. ಒಳಗೆ ತೆಳ್ಳನೆಯ ಕಡ್ಡಿಗಳು. ಬೆನ್ನಿಗೋ ಎದೆಗೋ ದಾರದ ಹೆಣಿಗೆ. ಜೊತೆಗೆ ಅದೇ ಬಣ್ಣದ ಕೆಳ ಉಡುಪು. ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ತಂಗಿಯ ಮಗಳು ತನ್ನ ಮದುವೆಯ ಆರತಕ್ಷತೆಯ ಉಡುಪಿನ ಒಳಗೆ ತೊಡಲೆಂದು ಇಂಥದೊಂದು ಜೋಡಿಯನ್ನು ತರಿಸಿದ್ದಳು. ದಂತವರ್ಣದ ಸ್ಯಾಟಿನ್, ಅಂಚಿಗೆ ಜಾಲರಿ, ಬೆನ್ನಿಗೆ ದಾರ. ನೋಡಲು ಬಹಳ ಅಂದವಾಗಿತ್ತು.

ತಂಗಿಯು ದಾರವನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಬಿರುಸಿನಲ್ಲಿ ಎಳೆದು ಕಟ್ಟಿದಳು. ಹುಡುಗಿ ಕನ್ನಡಿಯ ಮುಂದೆ ನಿಂತು ನಕ್ಕಳು. ಮಣೆಯ ಮೇಲೆ ಕುಳಿತೊಡನೆ ಮುಖ ಬಾಡಿತು. “ದೊಡ್ಡವ್ವಾ, ನಿಂತ್ರ ಬರೋಬ್ಬರಿ ಐತಿ, ಕುಂತ್ರ ಸೊಂಟಕ್ಕ ಚುಚ್ಚತೈತಿ” ಎಂದಳು. ನಾವು ಅಳತೆಯ ಪಟ್ಟಿ ತೆಗೆದುಕೊಂಡು ಕುಳಿತೆವು. ತರಿಸುವಾಗ ಆಕೆ ಕೊಟ್ಟದ್ದು ಹೊರಗೆ ತೊಡುವ ಅಂಗಿಯ ಅಳತೆಯನ್ನು. ಇಂಥ ಉಡುಪಿಗೆ ಬೇಕಾದುದು ಎದೆಯ ಸುತ್ತಳತೆ, ಎದೆಯ ಕೆಳಗಿನ ಸುತ್ತಳತೆ, ನಡುವಿನ ಸುತ್ತಳತೆ, ಇವುಗಳೊಡನೆ ಎದೆಯ ಕೆಳಗಿನಿಂದ ಸೊಂಟದ ಎಲುಬಿನವರೆಗಿನ ಉದ್ದ. ಈ ಕೊನೆಯದನ್ನು ಹೆಚ್ಚಿನವರು ಅಳೆಯುವುದೇ ಇಲ್ಲ. ಕುಳಿತಾಗ ಮುಂಡ ಮಡಚಿಕೊಳ್ಳುತ್ತದೆ, ಕಡ್ಡಿ ಮಡಚಿಕೊಳ್ಳದು. ಅದರ ತುದಿ ಸೊಂಟದ ಎಲುಬಿಗೆ ತಗಲುತ್ತದೆ.

ಬಿಚ್ಚಿ ಮತ್ತೆ ತೊಡಿಸಿದೆವು. ದಾರವನ್ನು ಪೂರ್ತಿ ಸಡಿಲಿಸಿ, ಉಡುಪನ್ನು ಒಂದು ಬೆರಳಷ್ಟು ಮೇಲಕ್ಕೆ ಸರಿಸಿ, ನಡುವಿನ ಮಟ್ಟದಿಂದ ಪ್ರಾರಂಭಿಸಿ ಮೇಲಕ್ಕೂ ಕೆಳಕ್ಕೂ ಸ್ವಲ್ಪ ಸ್ವಲ್ಪವಾಗಿ ಬಿಗಿದೆವು. ತುಂಬು ಉಸಿರೆಳೆಯಲು ಹೇಳಿ, ಆ ಉಸಿರಿಗೆ ಎಷ್ಟು ಬೇಕೋ ಅಷ್ಟು ದಾರವನ್ನು ಬಿಟ್ಟೆವು. ಬೆನ್ನಿನ ಎರಡು ಅಂಚುಗಳ ನಡುವೆ ಮೇಲಿನಿಂದ ಕೆಳಗಿನವರೆಗೆ ಸಮನಾದ ಅಂತರ ಉಳಿಯಿತು. ಮೇಲೆ ಅಗಲವಾಗಿ ಕೆಳಗೆ ಕೂಡಿಕೊಂಡರೆ, ಅಥವಾ ಕೆಳಗೆ ಅಗಲವಾಗಿ ಮೇಲೆ ಕೂಡಿಕೊಂಡರೆ, ಆ ಅಳತೆ ಆ ಮೈಯದಲ್ಲವೆಂದು ತಿಳಿಯಬೇಕು. ಒಳಗೆ ಹತ್ತಿಯ ತೆಳುವಾದ ಅಂಗಿ ಹಾಕಿಸಿದ ಮೇಲೆ ಬೆವರಿಗೆ ಸ್ಯಾಟಿನ್ ಅಂಟುವುದೂ ತಪ್ಪಿತು. ಈಗ ಹೇಗಿದೆಯೆಂದು ಕೇಳಿದಾಗ ಹುಡುಗಿ ಕ್ಷಣಕಾಲ ಯೋಚಿಸಿ, ಯಾರೋ ಎರಡೂ ಅಂಗೈಗಳಿಂದ ಮೆಲ್ಲನೆ ಹಿಡಿದಂತಿದೆಯೆಂದಳು. ಸರಿಯಾದ ಬಿಗಿತಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾವು ಎಲ್ಲಿಯೂ ಓದಿಲ್ಲ.

ಇಷ್ಟರಲ್ಲಿ ಗೋಡೆಗೊರಗಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ನಮ್ಮ ಆಯಿ ಮಾತೆತ್ತಿದರು. ಇಂದಿಗೂ ಖಣದ ಕುಬಸವನ್ನೇ ತೊಡುವವರು ಅವರು. “ಎಲ್ಲಾ ಛಂದ ಐತಿ ಖರೆ, ಗಂಟು ಬೆನ್ನಿಗಿ ಯಾಕ ಕೊಟ್ಟಾರವ್ವಾ? ಹಾಕ್ಕೊಳ್ಳಾಕೂ ಒಬ್ರು ಬೇಕು, ಬಿಚ್ಚಾಕೂ ಒಬ್ರು ಬೇಕು. ಉಸುರು ಕಟ್ಟಿದ್ರ ಯಾರನ್ನ ಕೂಗೂದು?”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಮಗೆ ಮಾತ್ರ ಆ ಮಾತು ನಗೆಯ ಮಾತಾಗಿ ಕಾಣಲಿಲ್ಲ. ಬಿಗಿತದ ಪ್ರಶ್ನೆಯೆಲ್ಲ ಅದರಲ್ಲಿ ಅಡಗಿದ್ದಿತು. ಯಾವ ಉಡುಪು ಎಷ್ಟು ಬಿಗಿಯೆಂಬುದಕ್ಕಿಂತ, ಸಡಿಲಿಸುವ ತುದಿ ಯಾರ ಕೈಗೆ ಎಟಕುತ್ತದೆಯೆಂಬುದು ದೊಡ್ಡ ಮಾತು. ಎಟಕಿದರೆ ಅದು ಅಲಂಕಾರ, ಎಟಕದಿದ್ದರೆ ಕಟ್ಟು. ಮರುದಿನ ಪೇಟೆಯಿಂದ ಮೊದಲಿನದಕ್ಕಿಂತ ಬಹಳ ಉದ್ದವಾದ ದಾರವನ್ನು ತಂದೆವು. ಅದನ್ನು ಹೆಣೆಯುವಾಗ ನಡುವಿನ ಮಟ್ಟದಲ್ಲಿ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಕುಣಿಕೆಗಳನ್ನು ಬಿಟ್ಟು, ಅವುಗಳನ್ನು ಸೊಂಟದ ಸುತ್ತ ಮುಂದಕ್ಕೆ ತಂದು ಕಟ್ಟುವ ಏರ್ಪಾಡು ಮಾಡಿದೆವು. ಎಳೆದರೆ ಬಿಗಿಯುತ್ತದೆ, ಗಂಟು ಬಿಚ್ಚಿದರೆ ತಾನಾಗಿ ಸಡಿಲವಾಗುತ್ತದೆ, ಇನ್ನೊಬ್ಬರ ಹಂಗಿಲ್ಲ. ಮದುವೆಯ ದಿನ ಹುಡುಗಿ ಊಟಕ್ಕೆ ಕುಳಿತಾಗ ಸೆರಗಿನ ಮರೆಯಲ್ಲಿ ಕೈಹಾಕಿ ಒಮ್ಮೆ ಗಂಟನ್ನು ಸಡಿಲಿಸಿಕೊಂಡುದನ್ನು ನಾವು ಕಂಡೆವು. ಹೋಳಿಗೆಯನ್ನೂ ಎರಡನೆಯ ಸಲ ಹಾಕಿಸಿಕೊಂಡಳು.

ಮದುವೆಯ ಉಡುಪು ಒಂದು ದಿನದ್ದು. ನಿತ್ಯದ ಉಡುಪಿನ ಕಷ್ಟ ಅದಕ್ಕಿಂತ ದೊಡ್ಡದು. ನಮ್ಮೊಡನೆ ಕೆಲಸ ಮಾಡುತ್ತಿದ್ದ ಶಿಕ್ಷಕಿಯೊಬ್ಬರು ಕರಿಹಲಗೆಯ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದರು. ಹಿಂದಿನ ಸಾಲಿನ ಮಕ್ಕಳಿಗೆ ಅದು ಕಾಣುತ್ತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಕಾರಣ ತಿಳಿಯಿತು: ಕೈಯನ್ನು ಭುಜದ ಮೇಲಕ್ಕೆತ್ತಿದರೆ ಒಳ ಉಡುಪು ಮೇಲಕ್ಕೆ ಜರುಗುತ್ತಿತ್ತು, ಕಂಕುಳಲ್ಲಿ ಕೊರೆಯುತ್ತಿತ್ತು. ಅಂಗಡಿಯಲ್ಲಿ ಗಂಡಸರ ಎದುರು ಅಳತೆ ಹೇಳಲು ನಾಚಿ, ಹತ್ತು ವರ್ಷದ ಹಿಂದಿನ ಅಂಕಿಯನ್ನೇ ಚೀಟಿಯಲ್ಲಿ ಬರೆದುಕೊಟ್ಟು, ಕಾಗದದಲ್ಲಿ ಸುತ್ತಿಕೊಟ್ಟದ್ದನ್ನು ಬಿಚ್ಚಿಯೂ ನೋಡದೆ ತರುತ್ತಿದ್ದರಂತೆ. ಆ ಹತ್ತು ವರ್ಷಗಳಲ್ಲಿ ಅವರಿಗೆ ಎರಡು ಹೆರಿಗೆಗಳಾಗಿದ್ದವು. ಮೈ ಬದಲಾಗಿತ್ತು, ಚೀಟಿ ಬದಲಾಗಿರಲಿಲ್ಲ. ಒಂದು ಸಂಜೆ ಪಟ್ಟಿ ಹಿಡಿದು ಅಳೆದು ಹೊಸ ಅಂಕಿ ಬರೆದುಕೊಟ್ಟೆವು. ಮುಂದಿನ ವಾರ ಅವರ ಬರವಣಿಗೆ ಹಲಗೆಯ ಮೇಲಿನ ಅಂಚಿನಿಂದ ಪ್ರಾರಂಭವಾಯಿತು.

ಆದುದರಿಂದ ಹೊಲಿಗೆಯ ತರಗತಿ ನಡೆಸುವ ಸೋದರಿಯರಲ್ಲಿ ನಮ್ಮದೊಂದು ಬಿನ್ನಹ. ಕಾಜಾ, ತುರುಪು, ಕಸೂತಿಗಳೊಡನೆ ಅಳೆಯುವ ಕ್ರಮವನ್ನೂ ನಾಚಿಕೆಯಿಲ್ಲದೆ ಕಲಿಸಿರಿ. ಭಾರವನ್ನು ಹೊರಬೇಕಾದುದು ಎದೆಯ ಕೆಳಗಿನ ಪಟ್ಟಿ, ಹೆಗಲ ಪಟ್ಟಿಯಲ್ಲವೆಂದು ತಿಳಿಸಿರಿ. ಆ ಪಟ್ಟಿಯೊಳಗೆ ಎರಡು ಬೆರಳು ಸರಾಗವಾಗಿ ಹೋಗಬೇಕು. ಹೊಸ ಉಡುಪನ್ನು ನಿಂತು ಮಾತ್ರ ನೋಡಬಾರದು. ಕುಳಿತು, ಬಾಗಿ, ಎರಡೂ ಕೈಗಳನ್ನೆತ್ತಿ, ತುಂಬು ಉಸಿರೆಳೆದು ನೋಡಬೇಕು. ಕಳಚಿದ ಮೇಲೆ ಚರ್ಮದ ಮೇಲೆ ತೆಳುವಾದ ಗೆರೆಯಿದ್ದು ಬೇಗ ಮಾಯವಾದರೆ ಚಿಂತೆಯಿಲ್ಲ; ಕೆಂಪಾಗಿ ನೋಯುತ್ತ ಉಳಿದರೆ ಅದು ಮೈ ಬರೆದ ದೂರು. ನಮ್ಮ ಕಡೆಯ ಬೇಸಿಗೆಯಲ್ಲಿ ಮೈಗೆ ತಾಗುವ ಪದರವಾದರೂ ಹತ್ತಿಯದಾಗಿರಲಿ. ವರ್ಷಕ್ಕೊಮ್ಮೆ, ಹೆರಿಗೆ ಬೇನೆಗಳ ತರುವಾಯ ತಪ್ಪದೆ, ಹೊಸದಾಗಿ ಅಳೆಯಬೇಕು.

ಅಳತೆಯ ಪಟ್ಟಿಗೆ ಹೆಚ್ಚಿನ ಬೆಲೆಯಿಲ್ಲ. ಅದರ ಮೇಲಿನ ಅಂಕಿ ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಅದನ್ನು ಗಟ್ಟಿಯಾಗಿ ಓದಿ ಹೇಳುವ ಧೈರ್ಯವೊಂದು ಬಂದರೆ, ಅಂಗಡಿಯವನ ಊಹೆಯಂತೆ ಉಸಿರಾಡುವ ಗೋಜು ನಮ್ಮ ಹೆಣ್ಣುಮಕ್ಕಳಿಗೆ ಇರುವುದಿಲ್ಲ.