ಟಿಕೆಟ್ಟಿಲ್ಲದ ಬ್ರಿಟನ್

ಬ್ರಿಟನ್ನಿಗೆ ಮನೆಮಂದಿಯೆಲ್ಲ ಹೋಗಿಬರಬೇಕು, ಖರ್ಚು ಮಾತ್ರ ಕೈಮೀರಬಾರದು ಎನ್ನುವವರು ಮೊದಲು ಕ್ಯಾಲೆಂಡರ್ ತೆಗೆಯಬೇಕು. ಇಂಗ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವುದು ಜುಲೈ ಕೊನೆಗೆ. ಅಲ್ಲಿಂದ ಆಗಸ್ಟ್ ಮುಗಿಯುವ ತನಕ ವಿಮಾನ, ರೈಲು, ಉಳಿಯುವ ಕೋಣೆ ಎಲ್ಲವೂ ತುಟ್ಟಿ. ನಮ್ಮ ಮಕ್ಕಳಿಗೆ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಅವರ ಈಸ್ಟರ್ ರಜೆ ಮುಗಿದ ಮೇಲೆ, ಮೇ ಕೊನೆಯ ವಾರದ ಸಣ್ಣ ರಜೆಗೆ ಮುಂಚೆ, ಅಲ್ಲಿನವರೆಲ್ಲ ಶಾಲೆ, ಆಫೀಸು ಎಂದು ತಮ್ಮ ಪಾಡಿಗೆ ಇರುತ್ತಾರೆ. ಆ ಕೆಲವು ವಾರಗಳು ಕರ್ನಾಟಕದ ಕುಟುಂಬಕ್ಕೆಂದೇ ಖಾಲಿ ಬಿಟ್ಟಂತಿರುತ್ತವೆ.

ಇನ್ನೊಂದು ಲಾಭವೂ ಇದೆ. ಮೇ ತಿಂಗಳ ನಡುವೆ ಲಂಡನ್ನಿನಲ್ಲಿ ರಾತ್ರಿ ಎಂಟೂವರೆ ದಾಟಿದರೂ ಬೆಳಕು. ಎಡಿನ್‌ಬರೋದಲ್ಲಿ ಒಂಬತ್ತಾದರೂ ಮಕ್ಕಳು ಬೀದಿಯಿಂದ ಒಳಗೆ ಬರಲು ಒಪ್ಪುವುದಿಲ್ಲ. ಕೋಣೆಯ ಬಾಡಿಗೆ ದಿನದ ಲೆಕ್ಕದಲ್ಲಿ ಕೊಡುತ್ತೇವೆ. ದಿನ ಉದ್ದವಾದಷ್ಟೂ ಅದೇ ದುಡ್ಡಿಗೆ ಹೆಚ್ಚು ಊರು ಕಾಣುತ್ತದೆ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಹೋದವರಿಗೆ ಬ್ಲೂಬೆಲ್ ಹೂವೂ ಸಿಗುತ್ತದೆ. ಪೂರ್ವ ಲಂಡನ್ನಿನ ವಾನ್‌ಸ್ಟೆಡ್ ಪಾರ್ಕಿನ ಮರಗಳ ಕೆಳಗೆ ನೆಲವೇ ಕಾಣದ ಹಾಗೆ ನೀಲಿ ಹಾಸಿರುತ್ತದೆ. ನೋಡಲು ಕಾಸಿಲ್ಲ.

ವೀಸಾದಲ್ಲಿ ಉಳಿತಾಯಕ್ಕೆ ದಾರಿಯಿಲ್ಲ. ಆರು ತಿಂಗಳ ಸಂದರ್ಶಕ ವೀಸಾಕ್ಕೆ 2025ರ ಏಪ್ರಿಲ್‌ನಲ್ಲಿ ತಲೆಗೆ 127 ಪೌಂಡ್ ಇತ್ತು. ತೊಟ್ಟಿಲ ಕೂಸಿಗೂ ಅಷ್ಟೇ, ಅಜ್ಜಿಗೂ ಅಷ್ಟೇ. ನಾನು, ನಮ್ಮನೆಯವರು, ಅತ್ತೆ, ಹದಿಮೂರರ ಮಗ, ಎಂಟರ ಮಗಳು ಎಂದು ಐದು ಜನಕ್ಕೆ 635 ಪೌಂಡ್ ಆಯಿತು. ಅರ್ಜಿ ತಿರಸ್ಕೃತವಾದರೆ ಈ ಹಣ ವಾಪಸು ಬರುವುದಿಲ್ಲ. ಹಾಗಾಗಿ ಕಾಗದಪತ್ರದಲ್ಲಿ ಅವಸರ ಸಲ್ಲದು. ತಿಂಗಳು ತಿಂಗಳ ಸಂಬಳ, ಉಳಿತಾಯ, ರಜೆ ಮಂಜೂರಾದ ಪತ್ರ, ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು. ಅರ್ಜಿ ಹಾಕುವ ಮುಂಚಿನ ವಾರ ಎಲ್ಲಿಂದಲೋ ದೊಡ್ಡ ಮೊತ್ತ ತಂದು ಖಾತೆಗೆ ತುಂಬಿದರೆ ಅದು ಅನುಮಾನಕ್ಕೆ ಎಡೆಮಾಡುತ್ತದೆಯೇ ಹೊರತು ಬಲ ಕೊಡುವುದಿಲ್ಲ. ವೀಸಾ ಕೈಗೆ ಬರುವವರೆಗೆ, ರದ್ದು ಮಾಡಿದರೆ ಹಣ ಬರದಂಥ ಯಾವ ಬುಕಿಂಗೂ ಬೇಡ.

ವಿಮಾನದ ವಿಷಯದಲ್ಲಿ ಒಂದೇ ಮಾತು. ಲಂಡನ್ನಿಗೆ ಇಳಿದು ಲಂಡನ್ನಿಂದಲೇ ಹೊರಡಬೇಕೆಂದೇನೂ ಇಲ್ಲ. ಕೊಲ್ಲಿ ದೇಶಗಳ ವಿಮಾನಗಳು ಎಡಿನ್‌ಬರೋಗೂ ಹಾರುತ್ತವೆ. ಲಂಡನ್ನಿನಲ್ಲಿ ಇಳಿದು, ರೈಲಿನಲ್ಲಿ ಉತ್ತರಕ್ಕೆ ಸಾಗುತ್ತ, ಎಡಿನ್‌ಬರೋದಿಂದ ಊರಿಗೆ ಹೊರಟರೆ ಹೋದ ದಾರಿಯಲ್ಲೇ ವಾಪಸು ಬರುವ ಐದು ಜನದ ರೈಲು ಖರ್ಚು, ಒಂದು ಇಡೀ ದಿನ, ಎರಡೂ ಮಿಗುತ್ತವೆ.

ಲಂಡನ್ನಿನ ಒಳಗೆ ಓಡಾಟಕ್ಕೆ ಬಸ್ಸನ್ನು ನಂಬಿ. ಮೆಟ್ರೊ ವೇಗವಾಗಿ ತಲುಪಿಸುತ್ತದೆ, ಆದರೆ ನೆಲದಡಿಯಲ್ಲಿ ಊರು ಕಾಣುವುದಿಲ್ಲ. 2025ರಲ್ಲಿ ಬಸ್ಸಿನ ದರ ಒಂದು ಪೌಂಡ್ 75 ಪೆನ್ಸ್. ಅದನ್ನು ಕೊಟ್ಟ ಮೇಲೆ ಒಂದು ಗಂಟೆಯ ಒಳಗೆ ಎಷ್ಟು ಬಸ್ಸು ಹತ್ತಿದರೂ ಮತ್ತೆ ಕೊಡಬೇಕಿಲ್ಲ. ಹನ್ನೊಂದರ ಒಳಗಿನ ಮಕ್ಕಳಿಗೆ ಬಸ್ಸು ಉಚಿತ, ದೊಡ್ಡವರ ಜೊತೆಗಿದ್ದರೆ ಮೆಟ್ರೊ ಕೂಡ. ಹನ್ನೊಂದರಿಂದ ಹದಿನೈದರ ಮಕ್ಕಳಿಗೆ ಆಯ್‌ಸ್ಟರ್ ಎಂಬ ಪ್ರಯಾಣದ ಕಾರ್ಡ್ ಕೊಂಡು, ಸ್ಟೇಷನ್ನಿನ ಸಿಬ್ಬಂದಿಗೆ ತೋರಿಸಿ ಕೇಳಿದರೆ, ಎರಡು ವಾರದವರೆಗೆ ಅರ್ಧ ದರದ ರಿಯಾಯಿತಿಯನ್ನು ಅದಕ್ಕೆ ಸೇರಿಸಿಕೊಡುತ್ತಾರೆ. ಕೇಳದಿದ್ದರೆ ಇಲ್ಲ. ಟವರ್ ಹಿಲ್ ಬಳಿ 15ನೇ ನಂಬರಿನ ಬಸ್ಸು ಹತ್ತಿ, ಮಹಡಿಯ ಮುಂದಿನ ಸೀಟು ಹಿಡಿದು ಕೂತರೆ ಸೇಂಟ್ ಪಾಲ್ಸ್, ಫ್ಲೀಟ್ ಸ್ಟ್ರೀಟ್, ಸ್ಟ್ರ್ಯಾಂಡ್ ಒಂದಾದ ಮೇಲೊಂದು ಎದುರಿಗೆ ಬರುತ್ತವೆ. ಪ್ರವಾಸಿಗಳಿಗೆಂದೇ ಓಡುವ ತೆರೆದ ಬಸ್ಸಿಗೆ ಇದರ ಎಷ್ಟೋ ಪಟ್ಟು ಕೊಡಬೇಕು. ಮೊಣಕಾಲು ನೋವಿನ ಅತ್ತೆಯವರು ಸರಳು ಹಿಡಿದುಕೊಂಡು ಮಹಡಿ ಹತ್ತಿದರು. ಇಳಿಯಲು ಮನಸ್ಸಾಗದೆ ಕೊನೆಯ ಸ್ಟಾಪಿನವರೆಗೂ ಕೂತರು.

ಇನ್ನು ಮ್ಯೂಸಿಯಂಗಳು. ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆದಾಗಿನಿಂದ ಪ್ರವೇಶಕ್ಕೆ ಶುಲ್ಕವಿಲ್ಲ ಎನ್ನುವುದನ್ನೇ ತನ್ನ ನಿಯಮ ಮಾಡಿಕೊಂಡಿತ್ತು. ಆದರೆ ಎಲ್ಲ ಕಡೆಯೂ ಹೀಗಿರಲಿಲ್ಲ. 1980ರ ದಶಕದಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ ಟಿಕೆಟ್ ಇಟ್ಟವು. ಜನರ ತೆರಿಗೆಯಲ್ಲಿ ನಡೆಯುವ ಸಂಸ್ಥೆಗೆ ಜನ ಮತ್ತೆ ದುಡ್ಡು ಕೊಟ್ಟು ಒಳಗೆ ಹೋಗಬೇಕೇ ಎಂಬ ವಾದ ವರ್ಷಗಟ್ಟಲೆ ನಡೆದು, 2001ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮ್ಯೂಸಿಯಂಗಳ ಪ್ರವೇಶ ಶುಲ್ಕ ಹೋಯಿತು. ಹೊರಗಿನಿಂದ ಬಂದ ನಮಗೂ ಆ ನಿರ್ಧಾರದಲ್ಲಿ ಪಾಲು ಸಿಗುತ್ತಿದೆ. ಟಿಕೆಟ್ ಇಲ್ಲದಿರುವುದರಿಂದ ನೋಡುವ ರೀತಿಯೇ ಬೇರೆಯಾಗುತ್ತದೆ. ದುಡ್ಡು ಕೊಟ್ಟಿದ್ದೇವೆ, ಎಲ್ಲವನ್ನೂ ನೋಡಿ ಮುಗಿಸಬೇಕು ಎಂದು ಮಕ್ಕಳನ್ನು ಎಳೆದಾಡಬೇಕಿಲ್ಲ. ಒಂದು ಗಂಟೆ ಡೈನೋಸಾರ್ ನೋಡಿ, ಹೊರಗೆ ಬಂದು ಬುತ್ತಿ ಬಿಚ್ಚಿ, ಮನಸ್ಸಿದ್ದರೆ ಮತ್ತೆ ಒಳಗೆ ಹೋಗಬಹುದು.

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ರಸ್ತೆಯಲ್ಲೇ ಇರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಮೈಸೂರಿನವರಿಗೆ ಶ್ರೀರಂಗಪಟ್ಟಣ ಬೇಕೆಂದಾಗ ಹೋಗಿಬರುವ ಊರು. 1799ರಲ್ಲಿ ಅಲ್ಲಿನ ಅರಮನೆಯಿಂದ ಹೊತ್ತುತಂದ ಈ ಮರದ ಹುಲಿಯನ್ನು 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಜನರಿಗೆ ತೋರಿಸುತ್ತಿದ್ದರು. ಕೊಳ್ಳೆ ಹೊಡೆದು ತಂದದ್ದನ್ನು ಪುಕ್ಕಟೆಯಾಗಿ ತೋರಿಸಿದರೆ ಅದು ಔದಾರ್ಯವಾಗುವುದಿಲ್ಲ, ಇದನ್ನು ಮಕ್ಕಳಿಗೆ ಅಲ್ಲೇ ನಿಂತು ಹೇಳಿದೆ. ಆದರೂ ನಮ್ಮೂರಿನದನ್ನು ನೋಡಲು ನಾವೇ ಟಿಕೆಟ್ ಕೊಳ್ಳುವ ಸಂಕಟ ಇರಲಿಲ್ಲ. ಹೊರಡುವ ಮುನ್ನ ಯಾವ ಗ್ಯಾಲರಿ ತೆರೆದಿದೆ ಎಂದು ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ದುರಸ್ತಿಗೆಂದು ಒಮ್ಮೊಮ್ಮೆ ಮುಚ್ಚಿರುತ್ತಾರೆ. ಥೇಮ್ಸ್ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ನಡೆದರೆ, ಪಾರ್ಲಿಮೆಂಟಿನ ಎದುರು ದಡದಲ್ಲಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನ ಪುತ್ಥಳಿಯಿದೆ. ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು.

ಊಟದ ಖರ್ಚು ಉಳಿಯುವ ಜಾಗವನ್ನು ಅವಲಂಬಿಸಿದೆ. ಹೋಟೆಲಿನ ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಮಾತ್ರ ಇರುತ್ತದೆ. ಗೊಜ್ಜವಲಕ್ಕಿಗೆ ಅದು ಸಾಕು, ಅನ್ನಕ್ಕಲ್ಲ. ಅದಕ್ಕೇ ನಾವು ಯೂತ್ ಹಾಸ್ಟೆಲ್ ಹುಡುಕಿದ್ದು. ಹೆಸರಲ್ಲಿ ಯೂತ್ ಇದ್ದರೂ ಅದು ಯುವಕರಿಗಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ 1930ರಲ್ಲಿ, ಕೈಯಲ್ಲಿ ಹೆಚ್ಚು ಕಾಸಿಲ್ಲದ ನಗರದ ಜನ ಹಳ್ಳಿಗಾಡು ನೋಡಲೆಂದು ಹುಟ್ಟಿದ ಸಂಸ್ಥೆ. ಇಡೀ ಕುಟುಂಬಕ್ಕೊಂದು ಕೋಣೆ ಸಿಗುತ್ತದೆ, ಎಲ್ಲರೂ ಬಳಸಬಹುದಾದ ಅಡುಗೆಮನೆ ಇರುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ನಮ್ಮ ಪೆಟ್ಟಿಗೆಯಲ್ಲಿದ್ದವು. ಅಕ್ಕಿ, ಬೇಳೆ, ಮೊಸರು, ತರಕಾರಿ ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕಿದವು. ಸಂಜೆ ಹೋದರೆ ಅಂದೇ ಖರ್ಚಾಗಬೇಕಾದ ಪದಾರ್ಥಗಳಿಗೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸಿರುತ್ತಾರೆ. ಒಂದು ಎಚ್ಚರಿಕೆ: ಹಾಲು, ಮಾಂಸದ ಪದಾರ್ಥಗಳನ್ನು ಭಾರತದಿಂದ ಆ ದೇಶದೊಳಕ್ಕೆ ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲೇ ಇರಲಿ. ಒಂದು ಹೊತ್ತು ಹೊರಗೆ ಉಣ್ಣಬೇಕೆನಿಸಿದರೆ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಸ್ಟ್ರೀಟಿನಲ್ಲಿ ಭಾರತದ ಸಸ್ಯಾಹಾರಿ ಹೋಟೆಲುಗಳಿವೆ.

ರೈಲು ಆ ದೇಶದಲ್ಲಿ ನಿಜಕ್ಕೂ ದುಬಾರಿ. ಸ್ಟೇಷನ್ನಿಗೆ ಹೋಗಿ ಆ ಹೊತ್ತಿನ ಟಿಕೆಟ್ ಕೇಳಿದರೆ ವಿಮಾನಕ್ಕಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ಸುಮಾರು ಹನ್ನೆರಡು ವಾರ ಮುಂಚೆ ಅಡ್ವಾನ್ಸ್ ಟಿಕೆಟ್ ಬಿಡುತ್ತಾರೆ, ಕೊಳ್ಳಬೇಕಾದದ್ದು ಅದನ್ನು. ಜೊತೆಗೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಎಂದು ಒಂದಿದೆ. 2025ರಲ್ಲಿ ವರ್ಷಕ್ಕೆ 35 ಪೌಂಡ್. ಒಂದೇ ಕಾರ್ಡಿನಲ್ಲಿ ನಾಲ್ಕು ದೊಡ್ಡವರು, ನಾಲ್ಕು ಮಕ್ಕಳವರೆಗೆ ಒಟ್ಟಿಗೆ ಹೋಗಬಹುದು. ದೊಡ್ಡವರಿಗೆ ಮೂರನೇ ಒಂದು ಭಾಗ, ಐದರಿಂದ ಹದಿನೈದರ ಮಕ್ಕಳಿಗೆ ನೂರಕ್ಕೆ ಅರವತ್ತು ರಿಯಾಯಿತಿ. ಅಲ್ಲಿಯ ನಿವಾಸಿಗಳೇ ಆಗಿರಬೇಕೆಂಬ ನಿಯಮವಿಲ್ಲ. ಅಡ್ವಾನ್ಸ್ ಟಿಕೆಟ್ಟಿನಲ್ಲಿ ನಡುವೆ ಇಳಿದು ಮರುದಿನ ಮುಂದುವರಿಯುವಂತಿಲ್ಲವಾದ್ದರಿಂದ, ಎಲ್ಲೆಲ್ಲಿ ತಂಗಬೇಕೋ ಅಲ್ಲಲ್ಲಿಗೆ ಬೇರೆ ಬೇರೆ ಟಿಕೆಟ್ ಮಾಡಿಸಬೇಕು. ಯಾರ್ಕಿನಿಂದ ಎಡಿನ್‌ಬರೋಗೆ ಹೋಗುವಾಗ ಬಲಗಡೆಯ ಕಿಟಕಿ ಕೇಳಿ. ಬೆರಿಕ್ ಹತ್ತಿರ ಹಳಿ ಕಡಲಂಚಿಗೇ ಬರುತ್ತದೆ.

ನಾವು ಲಂಡನ್ನಿಂದ ನೇರ ಯಾರ್ಕಿಗೆ ಹೋಗದೆ ಶೆಫೀಲ್ಡ್ ಮೂಲಕ ಎಡೇಲ್ ಎಂಬ ಹಳ್ಳಿಗೆ ಹೋದೆವು. ಪಟ್ಟಿಯಲ್ಲಿ ಅದನ್ನು ಸೇರಿಸಿದವಳು ನಾನು, ಈಗಲೂ ಇಡೀ ಪ್ರವಾಸದಲ್ಲಿ ನನಗೆ ಮುಖ್ಯವಾದದ್ದು ಅದೇ. ರೈಲು ಇಳಿದರೆ ಸುತ್ತ ಹಸಿರು ಗುಡ್ಡ, ಕಲ್ಲು ಜೋಡಿಸಿದ ಪಾಗಾರ, ಕುರಿ. ಊರ ಪಕ್ಕದಿಂದಲೇ ಕಾಲುದಾರಿ ಹೊಲದೊಳಗೆ ನುಗ್ಗುತ್ತದೆ. ಅತ್ತೆ ಬೇಲಿಯ ಗೇಟಿನ ಹತ್ತಿರ ನಿಂತುಬಿಟ್ಟರು.

“ಯಾರದೋ ಹೊಲ ಕಣಮ್ಮ. ಬೈಯೋಲ್ವಾ?”

“ಇಲ್ಲ ಅತ್ತೆ, ಬೋರ್ಡ್ ಹಾಕಿದಾರೆ ನೋಡಿ. ಎಲ್ರೂ ಓಡಾಡೋ ದಾರಿ ಇದು. ಗೇಟು ಮುಚ್ಚಿಕೊಂಡು ಹೋಗಬೇಕು ಅಷ್ಟೆ, ಕುರಿ ಆಚೆ ಬರದ ಹಾಗೆ.”

ಅವರು ಹುಟ್ಟಿ ಬೆಳೆದದ್ದು ಕೆ.ಆರ್. ಪೇಟೆ ಕಡೆಯ ಹಳ್ಳಿಯಲ್ಲಿ. ಹೊಲಕ್ಕೆ ದಾರಿ ಬಿಡದವನ ಮೇಲಿನ ಜಗಳ ತಾಲ್ಲೂಕು ಕಚೇರಿಯವರೆಗೂ ಹೋಗುವುದನ್ನು ಕಂಡವರು. ಅದಕ್ಕೇ ಅವರಿಗೆ ಈ ಹಳ್ಳಿಯ ಕಥೆ ಹೇಳಬೇಕೆನಿಸಿತು. ಎಡೇಲ್ ಮೇಲಿನ ಕಿಂಡರ್ ಸ್ಕೌಟ್ ಬೆಟ್ಟವನ್ನು ಜಮೀನ್ದಾರರು ಹಕ್ಕಿ ಬೇಟೆಗೆಂದು ಕಾವಲು ಹಾಕಿ ಮುಚ್ಚಿದ್ದರು. ಸುತ್ತಲಿನ ಮ್ಯಾಂಚೆಸ್ಟರ್, ಶೆಫೀಲ್ಡಿನ ಗಿರಣಿ ಕಾರ್ಮಿಕರಿಗೆ ಭಾನುವಾರ ಗಾಳಿ ಕುಡಿಯಲು ಜಾಗವಿರಲಿಲ್ಲ. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಹುಡುಗನ ಮುಂದಾಳತ್ವದಲ್ಲಿ ನೂರಾರು ಜನ ಬೇಕೆಂದೇ ಆ ಬೆಟ್ಟ ಹತ್ತಿದರು. ಅವನೂ ಕೆಲವು ಸಂಗಾತಿಗಳೂ ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು: ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತಿಸಬೇಕು, ರಾಷ್ಟ್ರೀಯ ಉದ್ಯಾನಗಳನ್ನು ಮಾಡಬೇಕು. 1951ರಲ್ಲಿ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು ಇದೇ ಪೀಕ್ ಡಿಸ್ಟ್ರಿಕ್ಟ್. ಅಂದಿನ ಜಮೀನ್ದಾರರಲ್ಲಿ ಒಬ್ಬನಾದ ಡೆವನ್‌ಶೈರ್ ಡ್ಯೂಕನ ಮೊಮ್ಮಗ 2002ರಲ್ಲಿ ಬಂದು ಜನರೆದುರು ಕ್ಷಮೆ ಕೇಳಿದ. ಆ ದೇಶದ ರಾಷ್ಟ್ರೀಯ ಉದ್ಯಾನಗಳಿಗೆ ಇವತ್ತಿಗೂ ಗೇಟಿಲ್ಲ, ಟಿಕೆಟ್ಟಿಲ್ಲ.

ಪುಕ್ಕಟೆ ಜಾಗಗಳನ್ನು ನಾವು ಹುಡುಕಿದ್ದು ದುಡ್ಡು ಉಳಿಸಲೆಂದು. ಆದರೆ ಬ್ರಿಟನ್ನಿನಲ್ಲಿ ಪುಕ್ಕಟೆಯಾಗಿರುವುದು ಬೆಲೆಯಿಲ್ಲದ್ದಲ್ಲ, ಅಲ್ಲಿನ ಜನ ತಮಗೆಲ್ಲರಿಗೂ ಇರಲಿ ಎಂದು ಹಟ ಹಿಡಿದು ಉಳಿಸಿಕೊಂಡದ್ದು. ಬೆನ್ನಿ ರಾತ್‌ಮನ್ ಹತ್ತಿದ ಬೆಟ್ಟದ ಬುಡದಲ್ಲಿ ನನ್ನ ಮಗಳು ಕುರಿಮರಿಗಳನ್ನು ಎಣಿಸುತ್ತಿದ್ದಾಗ, ಕಡಿಮೆ ಖರ್ಚಿನ ದಾರಿ ಹಿಡಿದದ್ದರಿಂದಲೇ ಇಲ್ಲಿಗೆ ಬಂದೆವು ಎಂದು ನನಗೆ ತುಂಬ ಸಂತೋಷವಾಯಿತು.

ದುಡ್ಡು ಕೊಡಬೇಕಾದ ಕಡೆ ಕೊಟ್ಟೆವು. ಪ್ರವಾಸ ವಿಮೆಯಲ್ಲಿ ಜುಗ್ಗತನ ಮಾಡಲಿಲ್ಲ; ಅಲ್ಲಿನ ಸರ್ಕಾರಿ ಆಸ್ಪತ್ರೆ ಅಲ್ಲಿಯವರಿಗೆ ಉಚಿತ, ದಾಖಲಾದ ಪ್ರವಾಸಿಗೆ ಬಿಲ್ಲು ಬರುತ್ತದೆ. ಮನೆಯ ಒಬ್ಬೊಬ್ಬರಿಗೂ ಒಂದು ಟಿಕೆಟ್ಟಿನ ಜಾಗ ಆರಿಸುವ ಹಕ್ಕಿತ್ತು. ಅತ್ತೆ ಕೊಹಿನೂರ್ ನೋಡಬೇಕೆಂದು ಟವರ್ ಆಫ್ ಲಂಡನ್ ಆರಿಸಿದರು. ಮಗನ ಆಸೆ ಯಾರ್ಕಿನ ರೈಲ್ವೆ ಮ್ಯೂಸಿಯಂ. ಉಗಿಬಂಡಿಗಳ ವೇಗದಲ್ಲಿ 1938ರಲ್ಲಿ ವಿಶ್ವದಾಖಲೆ ಮಾಡಿದ ಮ್ಯಾಲಾರ್ಡ್ ಎಂಜಿನ್ ಅಲ್ಲಿದೆ. ಅದಕ್ಕೂ ಟಿಕೆಟ್ಟಿಲ್ಲ ಎಂದು ಗೊತ್ತಾದಾಗ ಅವನು ತನ್ನ ಪಾಲಿನ ಆಯ್ಕೆಯನ್ನು ತಂಗಿಗೆ ಬಿಟ್ಟುಕೊಟ್ಟ.

ಈಗ ಹುಬ್ಬಳ್ಳಿಯಲ್ಲಿರುವ ನನ್ನ ತಂಗಿ ಮುಂದಿನ ಬೇಸಿಗೆಗೆ ಹೊರಡುವ ಲೆಕ್ಕದಲ್ಲಿದ್ದಾಳೆ. ಅವಳ ಮಕ್ಕಳು ಚಿಕ್ಕವರು, ಅಷ್ಟು ದೂರ ಉತ್ತರಕ್ಕೆ ಹೋಗುವುದು ಬೇಡ, ಲಂಡನ್ನಿನ ದಿನಗಳನ್ನು ಕಡಿಮೆ ಮಾಡಿ ವೇಲ್ಸ್ ಸೇರಿಸು ಎಂದಿದ್ದೇನೆ. ಕಾರ್ಡಿಫ್ ಹತ್ತಿರ ಸೇಂಟ್ ಫ್ಯಾಗನ್ಸ್ ಎಂಬಲ್ಲಿ, ವೇಲ್ಸಿನ ನಾನಾ ಕಡೆಯ ಹಳೆಯ ಮನೆ, ಕುಲುಮೆ, ಅಂಗಡಿ, ಶಾಲೆಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಬಯಲಿನಲ್ಲಿ ಮತ್ತೆ ಕಟ್ಟಿದ್ದಾರೆ. 1948ರಿಂದ ಇದೆ, ಪ್ರವೇಶ ಉಚಿತ, ಮಕ್ಕಳು ದಿನವಿಡೀ ಓಡಾಡಬಹುದು. ಅವಳ ಮಕ್ಕಳಿಬ್ಬರೂ ಐದರ ಒಳಗಿನವರಾದ್ದರಿಂದ ರೈಲಿನಲ್ಲಿ ಅವರಿಗೆ ಟಿಕೆಟ್ ಬೇಡ. ವೀಸಾಕ್ಕೆ ಮಾತ್ರ ಅವರದೂ ಪೂರ್ತಿ ದುಡ್ಡು. ಅದನ್ನು ಈಗಿನಿಂದಲೇ ಎತ್ತಿಡು ಎಂದು ಹೇಳಿದ್ದೇನೆ.