ತಿದಿ ಒತ್ತುವ ಕೈ

ನಮ್ಮ ಮನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಗೆ ಯಾವಾಗಲೂ ಒಂದಿಲ್ಲೊಂದು ಕೆಲಸ ಇದ್ದೇ ಇತ್ತು. ಮೊದಲು ಅದರ ಮೇಲೆ ಹಾಸಿಗೆ ಒಟ್ಟುತ್ತಿದ್ದೆವು, ಆಮೇಲೆ ಟೀವಿ ಕೂತಿತು, ಟೀವಿ ಗೋಡೆಗೆ ಹೋದ ಮೇಲೆ ಶಾವಿಗೆ ಡಬ್ಬಿ ಬಂತು. ಹಾಡೊಂದನ್ನು ಬಿಟ್ಟು ಎಲ್ಲ ಸೇವೆಯನ್ನೂ ಅದು ತಕರಾರಿಲ್ಲದೆ ಮಾಡಿತು. ನನ್ನ ಹಾಗೆಯೇ ಎನ್ನಬಹುದಿತ್ತು, ಆದರೆ ನಾನು ತಕರಾರು ಮಾಡುತ್ತಿದ್ದೆ.

1987ರಲ್ಲಿ ಮದುವೆಯಾಗುವ ಮೊದಲು ನಾನು ಗದಗಿನ ಒಂದು ಆರ್ಕೆಸ್ಟ್ರಾದಲ್ಲಿದ್ದೆ. ಈಗಿನ ಹುಡುಗರ ರಾಕ್ ಬ್ಯಾಂಡಿಗೆ ನಮ್ಮ ಕಡೆಯ ದೊಡ್ಡಕ್ಕ ಅದು. ಒಂದು ಗಿಟಾರು, ಢೋಲಕ್, ಬೊಂಗೊ, ಹಾಡುವವರು ಇಬ್ಬರು, ಹಾರ್ಮೋನಿಯಮ್ಮಿಗೆ ನಾನು. ಗಣಪತಿ ಹಬ್ಬ ಬಂತೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಟೆಂಪೋ ಹತ್ತಿ ಹೊರಟುಬಿಡುತ್ತಿದ್ದೆವು. ಅಪ್ಪ ಜೊತೆಗೆ ಬರುತ್ತಿದ್ದರು. ಬಾರದಿದ್ದರೆ ನನ್ನನ್ನು ಯಾರು ಕಳಿಸಬೇಕು? ಪೆಂಡಾಲಿನ ಮೂಲೆಯಲ್ಲಿ ಕೂತು, ರಾಜಕುಮಾರರ ಹಾಡಿಗೆ ಜನ 'ಒನ್ಸ್ ಮೋರ್' ಎಂದು ಕೂಗಿದಾಗಲೆಲ್ಲ ಕೈಗಡಿಯಾರ ನೋಡುತ್ತಿದ್ದರು.

ಮದುವೆಯಾಗಿ ಬೆಟಗೇರಿಗೆ ಬಂದೆ. ಗದಗಿಗೂ ಬೆಟಗೇರಿಗೂ ಏನು ದೂರ, ಹೆಸರೇ ಜೋಡಿ ಹೆಸರು. ಆದರೂ ತಿರುಗಿ ಆ ಕಡೆ ದಾಟಲು ನನಗೆ 25 ವರ್ಷ ಬೇಕಾಯಿತು. ಯಾರೂ ಬೇಡ ಎನ್ನಲಿಲ್ಲ, ಅದೇ ತೊಡಕು. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಮಾವನವರಿಗೆ ಮಧ್ಯಾಹ್ನದ ನಿದ್ದೆ, ಮಕ್ಕಳಿಗೆ ಪರೀಕ್ಷೆ, ಅತ್ತೆಗೆ ಸಕ್ಕರೆ ಕಾಯಿಲೆ.

2012ರಲ್ಲಿ ಗಿಟಾರಿನವರ ಫೋನು ಬಂತು. "ಮುಂಡರಗಿ ಗಣಪತಿಗೆ ಮತ್ತ ಕೂಡೂಣು ಅಂತೇವ್ರಿ. ಢೋಲಕ್ಕಿನ ಅಣ್ಣ ಹೋಗಿಬಿಟ್ಟಾರ, ಅವರ ಮಗ ಬರತಾನ. ನೀವೂ ಬರ್ರಿ."

ಡಬ್ಬಿ ಇಳಿಸಿ ಪೆಟ್ಟಿಗೆ ತೆರೆದೆ. ತಿದಿಯ ಚರ್ಮ ಬಿರಿದಿತ್ತು, ಒಳಗೆ ಜಿರಲೆಗಳ ಸಂಸಾರ, ನಾಲ್ಕು ಸ್ವರ ಮೂಕ. ರಿಪೇರಿಗೆ ಬಂದವರು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಕಣ್ಣು ಕಾಣದವರು. ಪುಟ್ಟರಾಜ ಗವಾಯಿಗಳು ತೀರಿಕೊಂಡು ಆಗ ಎರಡು ವರ್ಷ. ಅವರ ಹೆಸರು ಬಂದಾಗಲೆಲ್ಲ ಈತ ಕೆಲಸ ನಿಲ್ಲಿಸಿ ಕೈ ಮುಗಿಯುತ್ತಿದ್ದರು. ಹಿತ್ತಾಳೆಯ ರೀಡುಗಳ ಮೇಲೆ ಬೆರಳಾಡಿಸಿ, ಯಾವುದಕ್ಕೆ ಧೂಳು, ಯಾವುದಕ್ಕೆ ಕಿಲುಬು ಎಂದು ಹೇಳಿದರು. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದಂತೆ, ಬುಡವನ್ನು ಕೆರೆದರೆ ಇಳಿಯುತ್ತದಂತೆ. ಇಷ್ಟು ವರ್ಷ ನುಡಿಸಿದ ನನಗೆ ಇದು ಗೊತ್ತೇ ಇರಲಿಲ್ಲ.

25 ವರ್ಷ ಮುಟ್ಟಿಲ್ಲ ಎಂದು ನಾಚಿಕೊಂಡೆ. ಅವರು ನಕ್ಕರು. ಸ್ವರದಿಂದ ಸ್ವರಕ್ಕೆ ಜಾರಲು ಬಾರದ ಪರದೇಶಿ ವಾದ್ಯವೆಂದು 1940ರಲ್ಲಿ ರೇಡಿಯೋದವರು ಹಾರ್ಮೋನಿಯಮ್ಮನ್ನೇ ಹೊರಗೆ ಹಾಕಿದ್ದರಲ್ಲ; ಮತ್ತೆ ಒಳಗೆ ಬಿಟ್ಟುಕೊಂಡದ್ದು 1971ರಲ್ಲಿ, ಅದೂ ಮೊದಲು ಸಾಥಿಗೆ ಮಾತ್ರ. "ನಿಮ್ಮದು ಇಪ್ಪತ್ತೈದ ಆತ್ರಿ, ಇದರದು ಮೂವತ್ತೊಂದು!" ಎಂದರು.

ತಾಲೀಮಿನ ದಿನ ನನಗೆ ಬೆರಳುಗಳದೇ ಭಯ. ಆದರೆ ಬಲಗೈ ತವರಿಗೆ ಬಂದವಳ ಹಾಗೆ ಎಲ್ಲ ಕೋಣೆಗಳಲ್ಲೂ ಓಡಾಡಿಬಿಟ್ಟಿತು. ಎರಡು ಹಾಡು ಮುಗಿದ ಮೇಲೆ ಢೋಲಕ್ಕಿನ ಹುಡುಗ ಮೆಲ್ಲಗೆ, "ಅಕ್ಕಾರ, ಪೇಟಿ ಕೇಳಸವಲ್ದ್ರೀ" ಎಂದ. ಮೈಕು ಹತ್ತಿರ ತಂದರು. ಆಗಲೂ ಇಲ್ಲ. ಆಮೇಲೆ ತಿಳಿಯಿತು, ಮರೆತದ್ದು ಎಡಗೈ. ಮಾವನವರ ನಿದ್ದೆ ಕೆಡದಂತೆ ಪಾತ್ರೆ ಇಟ್ಟ ಕೈ, ಮಕ್ಕಳು ಓದುವಾಗ ಸದ್ದಾಗದಂತೆ ಕದ ಹಾಕಿದ ಕೈ. ಅದು ತಿದಿಯನ್ನೂ ಹಾಗೆಯೇ ಒತ್ತುತ್ತಿತ್ತು. ಹುಡುಗನಿಗೆ ಇದನ್ನು ಹೇಗೆ ಹೇಳುವುದು? "ಚರ್ಮ ಹೊಸದು ನೋಡಪ್ಪ" ಎಂದೆ. ಒಂದು ವಾರ ಮನೆಯಲ್ಲಿ ಕಿಟಕಿ ತೆರೆದಿಟ್ಟು ಬರೀ ಎಡಗೈ ಅಭ್ಯಾಸ ಮಾಡಿದೆ. ಪಕ್ಕದ ಮನೆಯವರು ಏನಾದರೂ ಕಾರ್ಯಕ್ರಮವೇ ಎಂದು ಕೇಳಿದರು. ಹೌದು ಎಂದೆ.

ಮುಂಡರಗಿಯ ಪೆಂಡಾಲಿನಲ್ಲಿ ಅಪ್ಪ ಕೂರುತ್ತಿದ್ದಂಥ ಮೂಲೆಯಲ್ಲಿ ಈ ಸಲ ನಮ್ಮವರು ಕೂತಿದ್ದರು. ಹಿಂದಿನಿಂದ ಯಾರೋ 'ಒನ್ಸ್ ಮೋರ್' ಎಂದರು. ಅವರು ಗಡಿಯಾರ ನೋಡಿದರು. ಗಿಟಾರಿನವರು ನನ್ನತ್ತ ತಿರುಗಿದರು. ನಾನು ತಿದಿ ಎಳೆದು ಜೋರಾಗಿಯೇ ಒತ್ತಿದೆ.

ಮನೆ ಸೇರುವಾಗ ಹನ್ನೆರಡು ದಾಟಿತ್ತು. ಶಾವಿಗೆ ಡಬ್ಬಿ ಇನ್ನೂ ನೆಲದ ಮೇಲೆಯೇ ಇತ್ತು, ಕತ್ತಲಲ್ಲಿ ಎಡವಿದೆ.